ತೈಲವರ್ಣದಲ್ಲಿ ವರ್ತೂರು ಕೆರೆ: ಕಂಡದ್ದನ್ನು ಕಂಡಂತೆ

ನೀರಿನ ದಡದಲ್ಲಿ ನಿಂತ ನಗರವನ್ನು ಯಥಾವತ್ತಾಗಿ ಚಿತ್ರಿಸುವುದು ಚಿತ್ರಕಲೆಯ ಹಳೆಯ ಹಂಬಲ. ಹದಿನೆಂಟನೆಯ ಶತಮಾನದ ಇಟಲಿಯ ಕಲಾವಿದ ಕ್ಯಾನಲೆಟ್ಟೊ ವೆನಿಸ್‌ನ ಕಾಲುವೆಗಳನ್ನೂ ಮಹಲುಗಳನ್ನೂ ಅತ್ಯಂತ ನಿಖರವಾಗಿ ಬರೆದ. 2003ರಲ್ಲಿ ವಿಜ್ಞಾನಿಗಳು ಆ ಚಿತ್ರಗಳ ಗೋಡೆಗಳಲ್ಲಿದ್ದ ಪಾಚಿಯ ಗೆರೆಯನ್ನು ಇಂದಿನ ಗೆರೆಯೊಡನೆ ಹೋಲಿಸಿ, ನಗರ ಸುಮಾರು 60 ಸೆಂಟಿಮೀಟರ್ ಮುಳುಗಿದೆ ಎಂದು ಲೆಕ್ಕಹಾಕಿದರು. ಅಂದವಾದ ಚಿತ್ರವೊಂದು ಹೀಗೆ ದಾಖಲೆಯೂ ಆಯಿತು. ನಮ್ಮಲ್ಲಿ ರುಮಾಲೆ ಚನ್ನಬಸವಯ್ಯ (1910-1988) ಅವರು ಬೆಂಗಳೂರಿನ ಹೂಮರಗಳನ್ನು ಬರೆದು ಒಂದು ಕಾಲದ ನಗರದ ಬಣ್ಣವನ್ನು ಉಳಿಸಿಕೊಟ್ಟಿದ್ದಾರೆ.

ಅಂಥ ದಾಖಲೆಗೆ ಇಂದು ತಕ್ಕ ಸ್ಥಳ ವರ್ತೂರು. ಬೆಳ್ಳಂದೂರಿನಿಂದ ಬರುವ ನೀರು ಇಲ್ಲಿನ ಕೆರೆಯನ್ನು ತುಂಬಿ, ಕೋಡಿ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಉತ್ತರಕ್ಕೆ ವೈಟ್‌ಫೀಲ್ಡ್ ಕಡೆಯ ಬಹುಮಹಡಿ ಕಟ್ಟಡಗಳಿವೆ. ಮಾರ್ಜಕ ಬೆರೆತ ಕೊಳಚೆ ನೀರು ಕೋಡಿಯಲ್ಲಿ ಧುಮುಕಿ ಎಬ್ಬಿಸಿದ ನೊರೆ 2015ರಲ್ಲಿ ರಸ್ತೆಗೆ ಹಾರಿ ದೇಶದಾದ್ಯಂತ ಸುದ್ದಿಯಾಯಿತು. 2020ರ ನಂತರ ಹೂಳೆತ್ತುವ ಕಾಮಗಾರಿ ನಡೆದು ಕೆರೆಯ ರೂಪವೂ ಬದಲಾಗುತ್ತ ಬಂದಿದೆ. ಸೊಬಗಿಗೆಂದು ಜೊಂಡನ್ನೂ ನೊರೆಯನ್ನೂ ಬಿಟ್ಟು ಬರೆದರೆ ಚಿತ್ರ ಸುಂದರವಾದೀತು, ನಿಜವಾಗದು.

ಬೆಳಗಿನ ಓರೆಬಿಸಿಲು ಕಟ್ಟಡಗಳ ಒಂದು ಮುಖವನ್ನು ಬೆಳಗಿ, ಇನ್ನೊಂದನ್ನು ನೆರಳಿನಲ್ಲಿಡುತ್ತದೆ. ನೆರಳು ಬೇಗ ಸರಿಯುವುದರಿಂದ ಅದರ ಆಕಾರವನ್ನು ಮೊದಲೇ ಗುರುತಿಸಿಕೊಳ್ಳಬೇಕು. ಕಿಟಕಿಗಳನ್ನು ಒಂದೊಂದಾಗಿ ಬರೆಯಬೇಕಿಲ್ಲ. ಕಟ್ಟಡದ ಎತ್ತರ, ಅಗಲ ಹಾಗೂ ನೆರಳಿನ ಪ್ರಮಾಣ ಸರಿಯಿದ್ದರೆ ಸಾಕು. ದೂರ ಹೋದಂತೆ ಬಣ್ಣಗಳು ಮಂಕಾಗಿ ನೀಲಿ-ಬೂದಿಗೆ ತಿರುಗುತ್ತವೆ.

ಹೆಚ್ಚಿನವರು ಎಡವುವುದು ನೀರಿನಲ್ಲಿ. ಪ್ರತಿಬಿಂಬ ವಸ್ತುವಿನ ನೇರ ಕೆಳಗೆ ಬೀಳುತ್ತದೆ. ಆದರೆ ಅದು ದೃಶ್ಯದ ತಲೆಕೆಳಗಾದ ನಕಲಲ್ಲ. ದಡದಿಂದ ಹಿಂದೆ ಸರಿದು ನಿಂತ ಕಟ್ಟಡದ ಬುಡವನ್ನು ದಡವೇ ಮರೆಮಾಡುವುದರಿಂದ, ನೀರಿನಲ್ಲಿ ಅದರ ಮೇಲ್ಭಾಗ ಮಾತ್ರ ಕಾಣುತ್ತದೆ. ಬೆಳಕಿನ ಭಾಗಗಳು ನೀರಿನಲ್ಲಿ ಕೊಂಚ ಕಪ್ಪಾಗುತ್ತವೆ. ಕಡು ಭಾಗಗಳು ಕೊಂಚ ತಿಳಿಯಾಗಿ, ಕಲಕು ನೀರಿನ ಹಸಿರು-ಕಂದನ್ನು ಪಡೆಯುತ್ತವೆ. ನೊರೆಯೂ ಅಚ್ಚ ಬಿಳಿಯಲ್ಲ. ಅದರ ನೆರಳಿನ ಭಾಗದಲ್ಲಿ ಬೂದುಬಣ್ಣವಿದೆ, ಆಕಾಶದ ನೀಲಿಯಿದೆ.

ತೈಲವರ್ಣ ನೀರು ಆರಿದಂತೆ ಆರುವುದಿಲ್ಲ. ಅದರಲ್ಲಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಮೊದಲ ಪದರಕ್ಕೆ ಟರ್ಪೆಂಟೈನ್ ಬೆರೆಸಿದ ತೆಳುಬಣ್ಣ, ಮೇಲಿನ ಪದರಗಳಿಗೆ ಎಣ್ಣೆ ಹೆಚ್ಚಿರುವ ಬಣ್ಣ ಎಂಬುದು ನಿಯಮ. ಈ ಕ್ರಮ ತಪ್ಪಿದರೆ ಚಿತ್ರ ಬಿರುಕು ಬಿಡುವ ಸಂಭವವಿದೆ. ದಪ್ಪ ಬಣ್ಣದಲ್ಲಿ ನೊರೆಯನ್ನು ಕೊನೆಗೆ ಬರೆಯುವುದು ಲೇಸು. ಟರ್ಪೆಂಟೈನ್ ಬಳಸುವಾಗ ಕೋಣೆಯ ಕಿಟಕಿಗಳು ತೆರೆದಿರಲಿ.

ಚಿತ್ರ ಮುಗಿದ ಬಳಿಕ ಕ್ಯಾನ್ವಾಸಿನ ಹಿಂಬದಿಯಲ್ಲಿ ದಿನಾಂಕ, ವೇಳೆ, ನಿಂತ ಸ್ಥಳ ಹಾಗೂ ನೋಡಿದ ದಿಕ್ಕನ್ನು ನಮೂದಿಸಬೇಕು. ಕೆರೆಯ ಅಂಚು ಎಲ್ಲಿತ್ತು, ನೀರಿನ ಬಣ್ಣ ಹೇಗಿತ್ತು ಎಂದು ಮುಂದೆ ಕೇಳುವವರಿಗೆ ಆ ನಾಲ್ಕು ಸಾಲುಗಳು ಚಿತ್ರದಷ್ಟೇ ಉಪಯುಕ್ತವಾಗಬಲ್ಲವು.