ಕಿಲೋಮೀಟರಿಗೆ ಎಷ್ಟು? – ವರ್ತಕರು ಕಾರು ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ವ್ಯಾಪಾರಸ್ಥರ ಮನೆಯಲ್ಲಿ ಕಾರು ಇಂದು ಆಡಂಬರದ ವಸ್ತುವಾಗಿ ಉಳಿದಿಲ್ಲ. ಅಂಗಡಿ, ಗೋದಾಮು, ಬ್ಯಾಂಕು, ಎ.ಪಿ.ಎಂ.ಸಿ. ಪ್ರಾಂಗಣ, ಕೈಗಾರಿಕಾ ವಸಾಹತು, ಮಕ್ಕಳ ಶಾಲೆ – ಇವನ್ನೆಲ್ಲ ಒಂದೇ ದಿನದಲ್ಲಿ ಮುಟ್ಟಬೇಕಾದವರಿಗೆ ಅದು ದುಡಿಮೆಯ ಸಾಧನವಾಗಿದೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯುವವರೆಗೆ ಕೊಳ್ಳುವವರ ಆಯ್ಕೆ ಬಹುಮಟ್ಟಿಗೆ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳಿಗೆ ಸೀಮಿತವಾಗಿತ್ತು. ಇಂದು ಪೆಟ್ರೋಲ್, ಡೀಸೆಲ್, ಸಿ.ಎನ್.ಜಿ., ಹೈಬ್ರಿಡ್, ವಿದ್ಯುತ್ ಎಂದು ಬಗೆಬಗೆಯ ಕಾರುಗಳು ಮುಂದಿವೆ. ಆಯ್ಕೆ ಹೆಚ್ಚಿದೆ, ಆದರೆ ಲೆಕ್ಕ ಹಾಕುವ ಅಭ್ಯಾಸ ಮಾತ್ರ ಕಡಿಮೆಯಾಗಿದೆ. ಒಂದು ಲೇತ್ ಯಂತ್ರ ಕೊಳ್ಳುವ ಮುನ್ನ ನಾಲ್ಕು ಕಡೆ ದರಪಟ್ಟಿ ತರಿಸಿ ವಿಚಾರ ಮಾಡುವ ಉದ್ಯಮಿಗಳು, ಅದಕ್ಕಿಂತ ದುಬಾರಿಯಾದ ಕಾರನ್ನು ಒಂದು ಭಾನುವಾರದ ಸಂಜೆ ನಿಶ್ಚಯಿಸಿಬಿಡುತ್ತಾರೆ.

ಹಾಗೆ ನಿಶ್ಚಯಿಸುವಾಗ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು ಎರಡು: ಬೆಲೆ ಎಷ್ಟು? ಮೈಲೇಜ್ ಎಷ್ಟು? ಇವೆರಡೂ ಅವಶ್ಯಕ ಪ್ರಶ್ನೆಗಳೇ. ಆದರೆ ನಿರ್ಧಾರಕ್ಕೆ ಬೇಕಾದ ಮೂರನೆಯ ಪ್ರಶ್ನೆಯೊಂದಿದೆ: ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸಲಾಗುತ್ತದೆ? ಇದರ ಉತ್ತರ ಗೊತ್ತಿಲ್ಲದೆ ಮೊದಲಿನ ಎರಡು ಉತ್ತರಗಳಿಂದ ಪ್ರಯೋಜನವಿಲ್ಲ.

ಮೈಲೇಜ್ ಅಂಕಿಯ ಅರ್ಥ

ತಯಾರಕರು ಪ್ರಕಟಿಸುವ ಮೈಲೇಜ್ ಸುಳ್ಳಲ್ಲ. ಆದರೆ ಅದು ರಸ್ತೆಯ ಮೇಲೆ ಅಳೆದದ್ದಲ್ಲ. ಕಾರನ್ನು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ವೇಗಕ್ರಮದಲ್ಲಿ ಓಡಿಸಿ ಆ ಅಂಕಿಯನ್ನು ಪಡೆಯಲಾಗುತ್ತದೆ. ಈ ಪರೀಕ್ಷೆಯಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಅಲ್ಲಿ ಹಳ್ಳಬಿದ್ದ ರಸ್ತೆಯಿಲ್ಲ, ಘಾಟಿಯ ಏರಿಲ್ಲ, ಡಿಕ್ಕಿಯಲ್ಲಿ ಸರಕಿನ ಮಾದರಿಗಳ ಪೆಟ್ಟಿಗೆಯಿಲ್ಲ. ಒಂದು ಕಾರಿನೊಡನೆ ಇನ್ನೊಂದನ್ನು ಹೋಲಿಸಲು ಈ ಅಂಕಿ ಉಪಯುಕ್ತ. ಮನೆಯ ಖರ್ಚಿನ ಅಂದಾಜಿಗೆ ಅದನ್ನೇ ನಂಬಬಾರದು.

ಇಂಧನವೂ ಬದಲಾಗಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲ್ ಸಾಮಾನ್ಯವಾಯಿತು. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಎಥೆನಾಲ್ ಇಲ್ಲದ ಪೆಟ್ರೋಲಿಗೆಂದು ವಿನ್ಯಾಸಗೊಂಡು, ಶೇ. 10ರ ಮಿಶ್ರಣಕ್ಕೆ ಹೊಂದಿಸಲಾದ ಕಾರುಗಳಲ್ಲಿ ಈ ಹೊಸ ಮಿಶ್ರಣದಿಂದ ಇಂಧನ ಕ್ಷಮತೆ ಸರಾಸರಿ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಹಳೆಯ ಕಾರನ್ನು ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು.

ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬಾರದು. ಲೆಕ್ಕದ ಸುಲಭಕ್ಕಾಗಿ ಪೆಟ್ರೋಲ್ ಲೀಟರಿಗೆ 100 ರೂ. ಎಂದಿಟ್ಟುಕೊಂಡರೆ, ಲೀಟರಿಗೆ 10 ಕಿ.ಮೀ. ಕೊಡುವ ಕಾರಿನ ಇಂಧನ ವೆಚ್ಚ ಕಿಲೋಮೀಟರಿಗೆ 10 ರೂ.; 15 ಕೊಟ್ಟರೆ 6.67 ರೂ.; 20 ಕೊಟ್ಟರೆ 5 ರೂ.; 25 ಕೊಟ್ಟರೆ 4 ರೂ. ಅಂದರೆ 10ರಿಂದ 15ಕ್ಕೆ ಏರಿದಾಗ ಉಳಿಯುವುದು 3.33 ರೂ.; 20ರಿಂದ 25ಕ್ಕೆ ಏರಿದಾಗ ಉಳಿಯುವುದು ಒಂದೇ ರೂಪಾಯಿ. ಈಗಾಗಲೇ ಮಿತವ್ಯಯದ ಕಾರಿದ್ದವರು ಇನ್ನೂ ನಾಲ್ಕೈದು ಕಿ.ಮೀ. ಮೈಲೇಜಿಗಾಗಿ ಲಕ್ಷಗಟ್ಟಲೆ ಹೆಚ್ಚು ಕೊಡುವ ಮುನ್ನ ಈ ಅಂಕಿಗಳನ್ನು ನೋಡುವುದು ಲೇಸು.

ಒಂದು ಮಾದರಿ ಲೆಕ್ಕ

ಆನ್-ರೋಡ್ ಬೆಲೆ 9 ಲಕ್ಷ ರೂ. ಇರುವ ಒಂದು ಪೆಟ್ರೋಲ್ ಕಾರನ್ನು ಊಹಿಸಿಕೊಳ್ಳೋಣ. ಐದು ವರ್ಷ ಬಳಸಿ 4 ಲಕ್ಷಕ್ಕೆ ಮಾರಲಾಯಿತು ಎಂದಾದರೆ ಬೆಲೆಯಲ್ಲಿನ ಇಳಿಕೆ ವರ್ಷಕ್ಕೆ 1 ಲಕ್ಷ ರೂ. ಈ ಅವಧಿಯಲ್ಲಿ ಕಾರಿನಲ್ಲಿ ತೊಡಗಿರುವ ಸರಾಸರಿ ಹಣ 6.5 ಲಕ್ಷ, ಶೇ. 10ರಂತೆ ಅದರ ಬಡ್ಡಿ 65,000 ರೂ. ಸ್ವಂತ ಹಣವಾದರೂ ಈ ಬಡ್ಡಿಯನ್ನು ಬಿಡುವಂತಿಲ್ಲ. ಅದೇ ಹಣ ಸರಕಿನಲ್ಲಿ ದುಡಿಯಬಹುದಾಗಿತ್ತು. ವಿಮೆ 25,000, ಸರ್ವೀಸ್ ಮತ್ತು ಟೈರುಗಳಿಗೆ 25,000 ಸೇರಿಸಿದರೆ ಒಂದು ಹನಿ ಪೆಟ್ರೋಲ್ ಹಾಕುವ ಮೊದಲೇ ವಾರ್ಷಿಕ ವೆಚ್ಚ 2,15,000 ರೂ.

ತಿಂಗಳಿಗೆ 1,000 ಕಿ.ಮೀ. ಓಡಿಸುವ ವರ್ತಕರಿಗೆ, ರಸ್ತೆಯ ಮೇಲಿನ ಮೈಲೇಜ್ 15 ಎಂದಾದರೆ, ವರ್ಷದ ಪೆಟ್ರೋಲ್ ವೆಚ್ಚ 80,000 ರೂ. ಒಟ್ಟು 2,95,000 ರೂ.; ಕಿಲೋಮೀಟರಿಗೆ ಸುಮಾರು 24 ರೂ. 60 ಪೈಸೆ. ಇದರಲ್ಲಿ ಇಂಧನದ ಪಾಲು ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಇವರು ಮೈಲೇಜನ್ನು 15ರಿಂದ 20ಕ್ಕೆ ಏರಿಸಿಕೊಂಡರೆ ವರ್ಷಕ್ಕೆ 20,000 ರೂ. ಉಳಿಯುತ್ತದೆ. ಅದರ ಬದಲು ಅದೇ ಮೈಲೇಜಿನ, 7 ಲಕ್ಷದ ಕಾರನ್ನು ಆರಿಸಿಕೊಂಡರೆ, ಮರುಮಾರಾಟದ ಬೆಲೆಯೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆಂದು ಹಿಡಿದರೂ, ಬೆಲೆಯಿಳಿಕೆ ಮತ್ತು ಬಡ್ಡಿಯಲ್ಲೇ ಸುಮಾರು 36,500 ರೂ. ಉಳಿಯುತ್ತದೆ.

ಜಿಲ್ಲೆಯಿಂದ ಜಿಲ್ಲೆಗೆ ಸುತ್ತುವ, ತಿಂಗಳಿಗೆ 2,500 ಕಿ.ಮೀ. ಓಡಿಸುವ ತಯಾರಕರ ಲೆಕ್ಕ ಬೇರೆಯೇ ಆಗುತ್ತದೆ. ಹೆಚ್ಚು ಓಡಿದ ಕಾರಿಗೆ ಐದು ವರ್ಷದ ನಂತರ 3 ಲಕ್ಷ ಮಾತ್ರ ಬಂದು, ಸರ್ವೀಸ್ ವೆಚ್ಚ ಇಮ್ಮಡಿಯಾದರೂ, ಒಟ್ಟು ವಾರ್ಷಿಕ ವೆಚ್ಚ 4,55,000 ರೂ.; ಕಿಲೋಮೀಟರಿಗೆ ಸುಮಾರು 15 ರೂ. 17 ಪೈಸೆ. ಇಂಧನದ ಪಾಲು ಶೇ. 44ಕ್ಕೆ ಏರುತ್ತದೆ. ಇಲ್ಲಿ ಮೈಲೇಜ್ 20ಕ್ಕೆ ಏರಿದರೆ ವರ್ಷಕ್ಕೆ 50,000 ರೂ. ಉಳಿತಾಯ, 2 ಲಕ್ಷ ಕಡಿಮೆ ಬೆಲೆಯ ಕಾರಿನಿಂದ ಆಗುವ ಉಳಿತಾಯ ಸುಮಾರು 40,000 ರೂ. ಮಾತ್ರ. ಕಡಿಮೆ ಓಡಿಸುವವರು ಬೆಲೆಯನ್ನು ನೋಡಬೇಕು, ಹೆಚ್ಚು ಓಡಿಸುವವರು ಮೈಲೇಜನ್ನು ನೋಡಬೇಕು. ಈ ಅಂಕಿಗಳು ಉದಾಹರಣೆಗೆಂದು ಹಿಡಿದವು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಇದೇ ಜಾಗಗಳಲ್ಲಿ ತುಂಬಿ ನೋಡಬಹುದು.

ಯಾವ ಇಂಧನ ಯಾರಿಗೆ?

ಡೀಸೆಲ್ ಕಾರಿಗೆ 1.5 ಲಕ್ಷ ರೂ. ಹೆಚ್ಚು ಕೊಡಬೇಕೆಂದೂ, ಡೀಸೆಲ್ ಲೀಟರಿಗೆ 90 ರೂ. ಹಾಗೂ ಮೈಲೇಜ್ 19 ಎಂದೂ ಇಟ್ಟುಕೊಂಡರೆ, ಮೇಲಿನ ಪೆಟ್ರೋಲ್ ಕಾರಿಗೆ ಹೋಲಿಸಿದಾಗ ಕಿಲೋಮೀಟರಿಗೆ ಉಳಿಯುವುದು 1 ರೂ. 93 ಪೈಸೆ. ಹೆಚ್ಚಿಗೆ ಕೊಟ್ಟ ಹಣ ಮರಳಲು ಸುಮಾರು 78,000 ಕಿ.ಮೀ. ಓಡಬೇಕು. ತಿಂಗಳಿಗೆ 2,500 ಕಿ.ಮೀ. ಓಡಿಸುವವರಿಗೆ ಇದು ಎರಡೂವರೆ ವರ್ಷಕ್ಕೆ ತುಸು ಮೇಲಿನ ಮಾತು, 1,000 ಕಿ.ಮೀ. ಓಡಿಸುವವರಿಗೆ ಆರೂವರೆ ವರ್ಷ. ಆ ಹೆಚ್ಚುವರಿ ಹಣದ ಬಡ್ಡಿಯೇ ವರ್ಷಕ್ಕೆ 15,000 ರೂ. ಆಗುವುದರಿಂದ ಎರಡನೆಯವರಿಗೆ ವಾಸ್ತವವಾಗಿ ಉಳಿಯುವುದು ಅತ್ಯಲ್ಪ. ಇದಲ್ಲದೆ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಶೋಧಕವಿದೆ. ಅದು ತನ್ನನ್ನು ಶುಚಿಗೊಳಿಸಿಕೊಳ್ಳಲು ಆಗಾಗ ದೀರ್ಘವಾದ, ವೇಗದ ಓಟ ಬೇಕು. ಮನೆಯಿಂದ ಅಂಗಡಿಗೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಕಾರಿನಲ್ಲಿ ಅದು ಕಟ್ಟಿಕೊಂಡು ದುರಸ್ತಿ ವೆಚ್ಚಕ್ಕೆ ದಾರಿಯಾಗುತ್ತದೆ.

ಸಿ.ಎನ್.ಜಿ. ಕಾರಿನ ಇಂಧನ ವೆಚ್ಚ ಕಡಿಮೆ. ಹೆಚ್ಚುವರಿ ಬೆಲೆಯೂ ಡೀಸೆಲಿನಷ್ಟು ಇರುವುದಿಲ್ಲ. ಆದರೆ ಸಿಲಿಂಡರ್ ಡಿಕ್ಕಿಯ ಜಾಗವನ್ನು ತಿನ್ನುತ್ತದೆ, ಮೂರು ವರ್ಷಕ್ಕೊಮ್ಮೆ ಅದರ ಒತ್ತಡ ಪರೀಕ್ಷೆ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿತ್ಯದ ದಾರಿಯಲ್ಲಿ ಬಂಕ್ ಇರಬೇಕು. ಸರದಿಯಲ್ಲಿ ಕಾಯುವ ಮುಕ್ಕಾಲು ಗಂಟೆಗೂ ವರ್ತಕರಿಗೆ ಬೆಲೆಯಿದೆ.

ಹೈಬ್ರಿಡ್ ಕಾರು ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಆದ್ದರಿಂದ ನಿಂತು ನಿಂತು ಸಾಗುವ ಬೆಂಗಳೂರಿನಂಥ ಸಂಚಾರದಲ್ಲಿ ಅದರ ಲಾಭ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ. 2001ರಲ್ಲಿ ರೇವಾ ಕಾರಿನೊಂದಿಗೆ ಬೆಂಗಳೂರು ಕಂಡ ವಿದ್ಯುತ್ ಕಾರು ಈಗ ಬಹುದೂರ ಸಾಗಿದೆ. ಸ್ವಂತ ಅಂಗಳದಲ್ಲಿ ಚಾರ್ಜ್ ಮಾಡುವ ಅನುಕೂಲವಿದ್ದು, ದಿನವೂ ನಿಗದಿತ ದೂರ ಹೋಗಿ ಬರುವವರಿಗೆ – ಸುಮಾರು 20 ಕಿ.ಮೀ. ಅಂತರದ ಹುಬ್ಬಳ್ಳಿ–ಧಾರವಾಡದ ನಡುವೆ ಓಡಾಡುವವರಂತೆ – ಇದರ ಇಂಧನ ವೆಚ್ಚ ಎಲ್ಲಕ್ಕಿಂತ ಕಡಿಮೆ. ಕೇವಲ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳನ್ನೇ ನಂಬಬೇಕಾದವರಿಗೆ ಆ ಉಳಿತಾಯ ಸಿಗದು.

ತೆರಿಗೆ ಉಳಿಯುತ್ತದೆಂಬ ಭ್ರಮೆ

"ಹೇಗೂ ತೆರಿಗೆಯಲ್ಲಿ ಉಳಿಯುತ್ತದೆ" ಎಂಬ ಮಾತು ಮಾರ್ಚ್ ತಿಂಗಳು ಸಮೀಪಿಸಿದಂತೆ ಹೆಚ್ಚು ಕೇಳಿಬರುತ್ತದೆ. ವಾಸ್ತವ ಹೀಗಿದೆ. ಬಾಡಿಗೆಗೆ ಓಡಿಸದ ಸಾಮಾನ್ಯ ಕಾರಿನ ಮೇಲೆ ಆದಾಯ ತೆರಿಗೆಯಲ್ಲಿ ದೊರೆಯುವ ಸವಕಳಿ ಶೇ. 15. ಆಸ್ತಿಯ ವೆಚ್ಚ 9 ಲಕ್ಷ ಎಂದಾದರೆ ಮೊದಲ ವರ್ಷ 1,35,000 ರೂ.; ಶೇ. 30ರ ತೆರಿಗೆ ಕಟ್ಟುವವರಿಗೆ ಉಳಿಯುವುದು 40,500 ರೂ. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಇದರ ಅರ್ಧ ಮಾತ್ರ. ಅಕ್ಟೋಬರ್ ಮೊದಲ ವಾರ ಕಳೆದ ಮೇಲೆ, ದೀಪಾವಳಿಗೆಂದು ಕೊಂಡ ಕಾರಿಗೂ ಇದೇ ನಿಯಮ ಅನ್ವಯಿಸುತ್ತದೆ. ಮನೆಯ ಬಳಕೆಯ ಪಾಲನ್ನು ಖರ್ಚಿನಿಂದ ಕಳೆಯಬೇಕಾಗುತ್ತದೆ. ಇನ್ನು 1961ರ ಕಾಯಿದೆಯ 44ಎಡಿ ಕಲಮೆಂದು ವರ್ತಕರಿಗೆ ಪರಿಚಿತವಾದ, ವಹಿವಾಟಿನ ಮೇಲೆ ಶೇ. 6 ಅಥವಾ 8ರಂತೆ ಲಾಭ ತೋರಿಸುವ ಪದ್ಧತಿಯಲ್ಲಿರುವವರಿಗೆ ಕಾರಿನಿಂದ ಪ್ರತ್ಯೇಕ ತೆರಿಗೆ ಉಳಿತಾಯವೇ ಇಲ್ಲ. ಸವಕಳಿಯನ್ನು ಈಗಾಗಲೇ ಕೊಟ್ಟಾಗಿದೆ ಎಂದೇ ಕಾನೂನು ಭಾವಿಸುತ್ತದೆ.

ಜಿ.ಎಸ್.ಟಿ.ಯಲ್ಲಿಯೂ ಇದೇ ಸ್ಥಿತಿ. ಚಾಲಕನೂ ಸೇರಿ 13 ಮಂದಿಯವರೆಗೆ ಆಸನವಿರುವ ಪ್ರಯಾಣಿಕ ವಾಹನಗಳ ಮೇಲೆ, ಕಾರು ವ್ಯಾಪಾರ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ಇವುಗಳ ಹೊರತು, ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಅಂಥ ಕಾರಿನ ವಿಮೆ ಮತ್ತು ದುರಸ್ತಿಗೂ ಸಿಗದು. ಸರಕು ಸಾಗಣೆಯ ವಾಹನಕ್ಕೆ ಸಿಗುತ್ತದೆ. ಆದ್ದರಿಂದ ನಿತ್ಯ ಸರಕು ಒಯ್ಯುವ ಕೆಲಸವಿದ್ದವರು ದೊಡ್ಡ ಕಾರಿನ ಬದಲು ಒಂದು ಸಣ್ಣ ಕಾರು ಹಾಗೂ ಒಂದು ಸಣ್ಣ ಸರಕು ವಾಹನದ ಲೆಕ್ಕವನ್ನೂ ಹಾಕಿ ನೋಡುವುದು ಸೂಕ್ತ. ಜಮೆ ಸಿಗದ ಕಾರಣ ತೆರಿಗೆಯ ದರವೇ ಬೆಲೆಯಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ, 4 ಮೀಟರ್ ಉದ್ದ ಮೀರದ, 1,200 ಸಿ.ಸಿ.ವರೆಗಿನ ಪೆಟ್ರೋಲ್ ಹಾಗೂ 1,500 ಸಿ.ಸಿ.ವರೆಗಿನ ಡೀಸೆಲ್ ಕಾರುಗಳಿಗೆ ಶೇ. 18, ಅದಕ್ಕಿಂತ ದೊಡ್ಡವಕ್ಕೆ ಶೇ. 40 ದರ ಜಾರಿಗೆ ಬಂದಿತು. ಕಾರಿನ ಬೆಲೆ ಏರಿದಂತೆ ರಾಜ್ಯದ ಜೀವಾವಧಿ ತೆರಿಗೆಯ ದರವೂ ಏರುತ್ತದೆ ಎಂಬುದನ್ನು ಇದರೊಂದಿಗೆ ಕೂಡಿಸಿ ನೋಡಬೇಕು.

ಹಣ ಎಲ್ಲಿಂದ?

ಕಾರಿನ ವಿಷಯದಲ್ಲಿ ಸಣ್ಣ ಉದ್ಯಮಕ್ಕೆ ನಿಜವಾದ ಪೆಟ್ಟು ಬೀಳುವುದು ಇಲ್ಲಿಯೇ. ಡೌನ್ ಪೇಮೆಂಟನ್ನು ಸಿ.ಸಿ. ಖಾತೆಯಿಂದ ತೆಗೆಯುವುದು ಸುಲಭ. ಆದರೆ ಆ ಖಾತೆ ಇರುವುದು ಸರಕು ಮತ್ತು ಬಾಕಿಗಳಿಗಾಗಿ. ಅಲ್ಲಿನ 3 ಲಕ್ಷ ಕಾರಿಗೆ ಹೋದರೆ ಹಂಗಾಮಿನಲ್ಲಿ ಕಚ್ಚಾ ಸಾಮಗ್ರಿ ಕೊಳ್ಳಲು 3 ಲಕ್ಷ ಕಡಿಮೆಯಾಗುತ್ತದೆ. ನಗದು ಕೊಟ್ಟು ಪಡೆಯುತ್ತಿದ್ದ ರಿಯಾಯಿತಿ ತಪ್ಪುತ್ತದೆ, ಪೂರೈಕೆದಾರರಲ್ಲಿನ ಮಾತಿನ ಬೆಲೆ ಕುಗ್ಗುತ್ತದೆ. ಮಾರಾಟವಿಲ್ಲದ ತಿಂಗಳಲ್ಲೂ ಕಂತು ತಪ್ಪದೆ ಬರುತ್ತದೆ.

ಸಾಲದ ಬಡ್ಡಿ ದರವನ್ನೂ ಸರಿಯಾಗಿ ಓದಬೇಕು. ಐದು ವರ್ಷಕ್ಕೆ "ಫ್ಲಾಟ್" ಶೇ. 7 ಎಂದರೆ, ಪ್ರತಿ ತಿಂಗಳೂ ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದಾಗ ಅದು ಸುಮಾರು ಶೇ. 12.5 ಆಗುತ್ತದೆ. 5 ಲಕ್ಷದ ಸಾಲಕ್ಕೆ ಕಂತು 11,250 ರೂ.; ಒಟ್ಟು ಬಡ್ಡಿ 1,75,000 ರೂ.

ಕೊಳ್ಳುವ ಮುನ್ನ

ಈಗಿರುವ ವಾಹನದಿಂದಲೇ ಲೆಕ್ಕವನ್ನು ಆರಂಭಿಸಬಹುದು. ಟ್ಯಾಂಕ್ ಪೂರ್ಣ ತುಂಬಿಸಿ ಓಡೋಮೀಟರ್ ಅಂಕಿ ಬರೆದಿಟ್ಟುಕೊಂಡು, ಮತ್ತೆ ಪೂರ್ಣ ತುಂಬಿಸುವಾಗ ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಬೇಕು. ನಾಲ್ಕು ಬಾರಿ ಹೀಗೆ ಮಾಡಿದರೆ ನಿಜವಾದ ಮೈಲೇಜೂ ತಿಂಗಳ ಓಟವೂ ಕೈಗೆ ಸಿಗುತ್ತವೆ. ಮೂರು ತಿಂಗಳ ಇಂಥ ದಾಖಲೆ ಯಾವ ಜಾಹೀರಾತಿಗಿಂತಲೂ ಹೆಚ್ಚು ಹೇಳುತ್ತದೆ. ಕಾರಿನಲ್ಲಿ ಸಾಮಾನ್ಯವಾಗಿ ಎಷ್ಟು ಜನ ಕೂರುತ್ತಾರೆ, ಡಿಕ್ಕಿಯಲ್ಲಿ ಏನು ಹೋಗುತ್ತದೆ, ಅಧಿಕೃತ ಸರ್ವೀಸ್ ಕೇಂದ್ರ ಊರಿನಲ್ಲೇ ಇದೆಯೇ ಎಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕು. ವರ್ಷಕ್ಕೆರಡು ಬಾರಿ ತಿರುಪತಿಗೆ ಹೋಗುವ ಏಳು ಮಂದಿಗಾಗಿ ವರ್ಷವಿಡೀ ಏಳು ಆಸನದ ಕಾರನ್ನು ಸಾಕುವುದಕ್ಕಿಂತ ಆ ಎರಡು ದಿನ ಬಾಡಿಗೆ ವಾಹನ ತರುವುದು ಅಗ್ಗ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ಹಿರಿಯರು ಅಂಗಡಿಯ ಗಲ್ಲೆಯ ಬಳಿ ಕುಳಿತೇ ಕಲಿಸಿದ್ದರು. ಕಾರಿನ ವಿಷಯದಲ್ಲಿ ಆ ಹಾಸಿಗೆಯ ಅಳತೆ ವರ್ಷದ ಕಿಲೋಮೀಟರುಗಳು ಮತ್ತು ವ್ಯಾಪಾರಕ್ಕೆ ತೊಂದರೆಯಾಗದಂತೆ ತೆಗೆಯಬಹುದಾದ ಹಣ. ಈ ಎರಡು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಶೋರೂಮಿಗೆ ಹೋಗುವ ವರ್ತಕರು ಅಲ್ಲಿಂದ ತಮಗೆ ಬೇಕಾದ ಕಾರನ್ನೇ ತರುತ್ತಾರೆ.