ನಜ್ಜುಗುಜ್ಜಾದ ಕಾರುಗಳಿಂದ ಕಲಿತವರು

ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿರುವ ಗೋಥೆನ್‌ಬರ್ಗ್ ನಗರದ ಆಸುಪಾಸಿನಲ್ಲಿ ವೋಲ್ವೊ ಕಾರೊಂದು ದೊಡ್ಡ ಅಪಘಾತಕ್ಕೆ ಸಿಕ್ಕಿದರೆ ಸುದ್ದಿ ಪೊಲೀಸರಿಗೂ ಆಂಬುಲೆನ್ಸಿಗೂ ಹೋದಂತೆ ಕಾರು ತಯಾರಿಸಿದ ಕಂಪನಿಗೂ ಹೋಗುತ್ತದೆ. ಹಗಲಾಗಲಿ, ನಡುರಾತ್ರಿಯಾಗಲಿ ಕಂಪನಿಯ ಅಪಘಾತ ಸಂಶೋಧನಾ ತಂಡ ಸ್ಥಳಕ್ಕೆ ಹೊರಡುತ್ತದೆ. ರಸ್ತೆಯ ಮೇಲಿನ ಟಯರ್ ಗುರುತು, ಹವಾಮಾನ, ಡಿಕ್ಕಿಯಾದ ಹೊತ್ತು, ರಸ್ತೆಯ ಅಂಚಿನ ಫಲಕಗಳ ಸ್ಥಿತಿ ಎಲ್ಲವನ್ನೂ ಅವರು ಬರೆದುಕೊಳ್ಳುತ್ತಾರೆ. ಮುದ್ದೆಯಾದ ಕಾರನ್ನು ಪರೀಕ್ಷಿಸುತ್ತಾರೆ. ಆಮೇಲೆ ಅದರೊಳಗಿದ್ದವರನ್ನು ಮಾತನಾಡಿಸಿ, ಅವರು ಒಪ್ಪಿದರೆ ಆಸ್ಪತ್ರೆಯ ದಾಖಲೆಗಳನ್ನೂ ನೋಡುತ್ತಾರೆ. ಯಾವ ಎಲುಬು ಮುರಿಯಿತು, ಕಾರಿನ ಯಾವ ಭಾಗ ತಗುಲಿ ಮುರಿಯಿತು ಎಂಬುದು ಅವರಿಗೆ ಗೊತ್ತಾಗಬೇಕು.

1970ರಲ್ಲಿ ಶುರುವಾದ ಈ ಕೆಲಸ ಇಂದಿಗೂ ನಡೆದಿದೆ. ಅಲ್ಲಿನ ದಾಖಲೆಯಲ್ಲಿ 40,000ಕ್ಕೂ ಹೆಚ್ಚು ಕಾರುಗಳು, 70,000ಕ್ಕೂ ಹೆಚ್ಚು ಪ್ರಯಾಣಿಕರ ವಿವರಗಳಿವೆ. ವೋಲ್ವೊ ಕಾರು ಗಟ್ಟಿ, ಅದರ ತಗಡು ದಪ್ಪ, ಅದಕ್ಕೇ ಅದು ಸುರಕ್ಷಿತ ಎಂದು ಜನ ನಂಬುತ್ತಾರೆ. ಆದರೆ ಆ ಹೆಸರಿನ ಬೇರು ತಗಡಿನಲ್ಲಿಲ್ಲ, ಈ ಕಡತಗಳಲ್ಲಿದೆ. ತಾನು ಮಾಡಿದ ಕಾರು ಎಲ್ಲಿ ಸೋತಿತು ಎಂದು ತಾನೇ ಹೋಗಿ ನೋಡುವ ಧೈರ್ಯ ಎಲ್ಲ ಕಂಪನಿಗಳಿಗೂ ಇರುವುದಿಲ್ಲ.

ಕಂಪನಿ ಹುಟ್ಟಿದ್ದು ಬಾಲ್ ಬೇರಿಂಗ್ ತಯಾರಿಸುವ ಎಸ್‌ಕೆಎಫ್ ಸಂಸ್ಥೆಯ ಮಡಿಲಲ್ಲಿ. ಅಲ್ಲಿ ಮಾರಾಟದ ಹೊಣೆ ಹೊತ್ತಿದ್ದ ಅಸ್ಸಾರ್ ಗೇಬ್ರಿಯೆಲ್‌ಸನ್ ಮತ್ತು ಎಂಜಿನಿಯರ್ ಗುಸ್ತಾಫ್ ಲಾರ್ಸನ್ ಇದರ ಸ್ಥಾಪಕರು. 1927ರ ಏಪ್ರಿಲ್ 14ರಂದು ಗೋಥೆನ್‌ಬರ್ಗಿನ ಹಿಸಿಂಗೆನ್ ಕಾರ್ಖಾನೆಯಿಂದ ಮೊದಲ ಕಾರು ಹೊರಬಂತು. ಮೇಲ್ಚಾವಣಿಯಿಲ್ಲದ ಆ ತೆರೆದ ಕಾರು ಸ್ವೀಡನ್ನಿನ ಚಳಿಗೆ ಹೇಳಿಮಾಡಿಸಿದ್ದಾಗಿರಲಿಲ್ಲ. ಮೊದಲ ವರ್ಷ ಮಾರಾಟವಾದದ್ದು 300ಕ್ಕೂ ಕಡಿಮೆ. ಕಾರು ಓಡಿಸುವವರು ಮನುಷ್ಯರು, ಹಾಗಾಗಿ ತಾವು ಮಾಡುವ ಪ್ರತಿಯೊಂದರ ಬುಡದಲ್ಲೂ ಸುರಕ್ಷತೆ ಇರಬೇಕು ಎಂಬುದು ಸ್ಥಾಪಕರ ಮಾತೆಂದು ಕಂಪನಿ ಇಂದಿಗೂ ನೆನೆಯುತ್ತದೆ. ಆದರೆ ಆ ಮಾತಿಗೆ ಜಗತ್ತು ಕಿವಿಗೊಡುವಂತಾಗಲು ಮೂರು ದಶಕ ಬೇಕಾಯಿತು.

1950ರ ದಶಕದಲ್ಲೂ ಕೆಲವು ಕಾರುಗಳಲ್ಲಿ ಸೀಟ್ ಬೆಲ್ಟ್ ಇತ್ತು. ಹೆಚ್ಚಿನವು ಸೊಂಟದ ಮೇಲೆ ಹಾಯುವ, ಎರಡೇ ತುದಿಯ ಪಟ್ಟಿಗಳು. ವೇಗದ ಡಿಕ್ಕಿಯಲ್ಲಿ ಅವು ಸೊಂಟವನ್ನು ಹಿಡಿಯುತ್ತಿದ್ದವು, ಎದೆಯೂ ತಲೆಯೂ ಮುಂದಕ್ಕೆ ಅಪ್ಪಳಿಸುತ್ತಿದ್ದವು. ಹೊಟ್ಟೆಯ ಮೇಲೆ ಕೂತ ಕೊಂಡಿಯೇ ಒಳಗಿನ ಅಂಗಗಳಿಗೆ ಪೆಟ್ಟು ಕೊಡುವುದೂ ಇತ್ತು. ಆಗ ವೋಲ್ವೊ ಮುಖ್ಯಸ್ಥರಾಗಿದ್ದ ಗುನ್ನಾರ್ ಎಂಗೆಲ್ಲಾವು ತಮ್ಮ ಬಂಧುವೊಬ್ಬರನ್ನು ಕಾರು ಅಪಘಾತದಲ್ಲಿ ಕಳೆದುಕೊಂಡಿದ್ದರು. 1958ರಲ್ಲಿ ಅವರು ಸಾಬ್ ವಿಮಾನ ಕಂಪನಿಯಿಂದ ನಿಲ್ಸ್ ಬೋಲಿನ್ ಎಂಬ ಎಂಜಿನಿಯರನ್ನು ಕರೆತಂದು ಸುರಕ್ಷತೆಯ ಕೆಲಸಕ್ಕೆಂದೇ ನೇಮಿಸಿದರು.

ಸಾಬ್‌ನಲ್ಲಿ ಬೋಲಿನ್ ಮಾಡುತ್ತಿದ್ದದ್ದು ಯುದ್ಧವಿಮಾನದ ಪೈಲಟ್‌ಗಳನ್ನು ಆಪತ್ತಿನಲ್ಲಿ ಹೊರಕ್ಕೆ ಚಿಮ್ಮಿಸುವ ಆಸನಗಳನ್ನು. ಮನುಷ್ಯನ ದೇಹ ಎಷ್ಟು ಹೊಡೆತ ತಾಳುತ್ತದೆ, ಎಲ್ಲಿ ತಾಳುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಇನ್ನೊಂದು ಸಂಗತಿಯನ್ನೂ ಅವರು ಸರಿಯಾಗಿ ಗ್ರಹಿಸಿದರು. ಜೀವ ಉಳಿಯುತ್ತದೆಂದರೆ ಪೈಲಟ್ ಎಂಥ ಬಿಗಿ ಪಟ್ಟಿಯನ್ನಾದರೂ ಕಟ್ಟಿಕೊಳ್ಳುತ್ತಾನೆ, ಕಾರಿನಲ್ಲಿ ಕೂತ ಸಾಮಾನ್ಯರು ಒಂದು ನಿಮಿಷದ ಕಿರಿಕಿರಿಯನ್ನೂ ಸಹಿಸುವುದಿಲ್ಲ. ಹಾಗಾಗಿ ಬೆಲ್ಟ್ ದೇಹವನ್ನು ಹಿಡಿದರೆ ಸಾಲದು, ಒಂದೇ ಕೈಯಲ್ಲಿ ಸಲೀಸಾಗಿ ಹಾಕಿಕೊಳ್ಳುವಂತೆಯೂ ಇರಬೇಕಿತ್ತು.

ಅವರು ಕಂಡುಕೊಂಡ ಉತ್ತರವನ್ನು ಇಂದು ಜಗತ್ತಿನ ಎಲ್ಲ ಕಾರುಗಳಲ್ಲೂ ನೋಡಬಹುದು. ಒಂದು ಪಟ್ಟಿ ಭುಜದಿಂದ ಎದೆಯ ಮೇಲೆ ಓರೆಯಾಗಿ ಇಳಿಯುತ್ತದೆ, ಇನ್ನೊಂದು ಸೊಂಟದ ಕೆಳಭಾಗದಲ್ಲಿ ಅಡ್ಡ ಹಾಯುತ್ತದೆ. ಎರಡೂ ಆಸನದ ಪಕ್ಕದಲ್ಲಿ, ಕೆಳಗೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಡಿಕ್ಕಿಯ ರಭಸವನ್ನು ಹೊಟ್ಟೆಯ ಬದಲು ಎದೆಗೂಡು, ಭುಜ, ಸೊಂಟದ ಗಟ್ಟಿ ಎಲುಬುಗಳು ಹೊರುತ್ತವೆ. ಕೊಂಡಿ ಪಕ್ಕಕ್ಕೆ ಸರಿದಿದೆ. ಇಷ್ಟು ಸರಳವಾದದ್ದು ಅಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವೇ ಎನಿಸಬಹುದು. ಮೂರು ಬಿಂದುಗಳ ಬೆಲ್ಟಿನ ಕಲ್ಪನೆ ಅಮೆರಿಕದಲ್ಲಿ ಮೊದಲೇ ಮೂಡಿತ್ತು. ಅದಕ್ಕೆ ಸರಿಯಾದ ಕೋನ, ಕೊಂಡಿಗೆ ಸರಿಯಾದ ಜಾಗ, ಹಾಕಿಕೊಳ್ಳುವ ಸುಲಭ ಇವೆಲ್ಲ ಒಟ್ಟಾದದ್ದು ಬೋಲಿನ್ ಕೈಯಲ್ಲಿ.

1959ರ ಆಗಸ್ಟ್ 13ರಂದು ಈ ಬೆಲ್ಟ್ ಇದ್ದ ಮೊದಲ ಕಾರು, ಒಂದು ಪಿವಿ544, ದಕ್ಷಿಣ ಸ್ವೀಡನ್ನಿನ ಕ್ರಿಸ್ಟಿಯನ್‌ಸ್ಟಾಡ್ ಊರಿನ ಮಾರಾಟಗಾರರಿಗೆ ತಲುಪಿತು. ಪೇಟೆಂಟ್ ಕಂಪನಿಯದೇ ಆಗಿತ್ತು. ಪ್ರತಿ ಬೆಲ್ಟಿಗೂ ಇತರರಿಂದ ಹಣ ಎಣಿಸಿಕೊಳ್ಳಬಹುದಿತ್ತು. ವೋಲ್ವೊ ಅದನ್ನು ಎಲ್ಲ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಈ ಕಂಪನಿಯ ನೂರು ವರ್ಷಗಳ ಹತ್ತಿರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಮತ್ತೊಂದಿಲ್ಲ.

ಆದರೂ ಜನ ಬೆಲ್ಟ್ ಹಾಕಲಿಲ್ಲ. ಮನವೊಲಿಸಲು ಸಾಕ್ಷ್ಯ ಬೇಕಿತ್ತು. ಬೋಲಿನ್ ಮತ್ತು ಸಂಗಡಿಗರು ಸ್ವೀಡನ್ನಿನಲ್ಲಿ ವೋಲ್ವೊ ಕಾರುಗಳು ಸಿಲುಕಿದ ಒಂದು ವರ್ಷದ 28,000 ಅಪಘಾತಗಳನ್ನು ಕೂಡಿಸಿ ಅಧ್ಯಯನ ಮಾಡಿ, 1967ರಲ್ಲಿ ಅಮೆರಿಕದ ತಜ್ಞರ ಮುಂದಿಟ್ಟರು. ಬೆಲ್ಟ್ ಗಾಯಗಳನ್ನು ಅರ್ಧದಷ್ಟು ತಗ್ಗಿಸಿತ್ತು. ಬೆಲ್ಟ್ ಹಾಕದವರು ಗಂಟೆಗೆ 20 ಕಿ.ಮೀ.ನಷ್ಟು ಕಡಿಮೆ ವೇಗದಲ್ಲೂ ಸತ್ತಿದ್ದರು. ಬೆಲ್ಟ್ ಹಾಕಿದವರಲ್ಲಿ ಗಂಟೆಗೆ ಸುಮಾರು 95 ಕಿ.ಮೀ. ವೇಗದವರೆಗೆ ಒಂದೂ ಸಾವಿರಲಿಲ್ಲ. ಅಮೆರಿಕ 1968ರಿಂದ ಹೊಸ ಕಾರುಗಳಲ್ಲಿ ಬೆಲ್ಟ್ ಇರಲೇಬೇಕೆಂದಿತು. ಸ್ವೀಡನ್ 1975ರಲ್ಲಿ ಮುಂದಿನ ಆಸನದವರು ಅದನ್ನು ಹಾಕಲೇಬೇಕೆಂದು ಕಾನೂನು ಮಾಡಿತು. ಬೋಲಿನ್ 2002ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅಮೆರಿಕದ ಆವಿಷ್ಕಾರಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿದ್ದೂ ಅದೇ ಸೆಪ್ಟೆಂಬರಿನಲ್ಲಿ.

ಮಕ್ಕಳ ಆಸನದ ಕತೆಯೂ ಹೀಗೆಯೇ ಕುತೂಹಲದ್ದು. ಗೋಥೆನ್‌ಬರ್ಗಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ವೈದ್ಯ ಪ್ರಾಧ್ಯಾಪಕ ಬರ್ಟಿಲ್ ಆಲ್ಡ್‌ಮನ್, ಅಮೆರಿಕದ ಜೆಮಿನಿ ಗಗನಯಾತ್ರಿಗಳು ರಾಕೆಟ್ಟಿನ ಒತ್ತಡವನ್ನು ಬೆನ್ನಿನ ಮೇಲೆ ಹೊರುವಂತೆ ಮಲಗಿರುವುದನ್ನು ಟಿವಿಯಲ್ಲಿ ಕಂಡರು. ಮೈಗೆ ಹೋಲಿಸಿದರೆ ಮಗುವಿನ ತಲೆ ಭಾರ, ಕತ್ತಿಗೆ ಬಲವಿಲ್ಲ. ಮುಂದೆ ಮುಖ ಮಾಡಿ ಕೂತ ಮಗುವಿನ ತಲೆ ಡಿಕ್ಕಿಯಲ್ಲಿ ಚಿಮ್ಮಿದಾಗ ಪೆಟ್ಟೆಲ್ಲ ಕತ್ತಿಗೇ. ಹಿಂದಕ್ಕೆ ಮುಖ ಮಾಡಿ ಕೂರಿಸಿದರೆ ಆ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. 1964ರಲ್ಲಿ ಇಂಥ ಆಸನದ ಮೊದಲ ಮಾದರಿ ವೋಲ್ವೊ ಕಾರಿನಲ್ಲಿ ಪರೀಕ್ಷೆಗೊಂಡಿತು, 1972ರಲ್ಲಿ ಮಾರುಕಟ್ಟೆಗೆ ಬಂತು.

1966ರ 144 ಮಾದರಿಯಲ್ಲಿ ಕಾರಿನ ಮುಂಭಾಗವೂ ಹಿಂಭಾಗವೂ ಬೇಕೆಂದೇ ಮುದುಡುವಂತಿದ್ದವು. ಮೂತಿ ಮುದುಡುತ್ತಾ ರಭಸವನ್ನು ನುಂಗಿದರೆ ಮಧ್ಯದ ಗೂಡು ಉಳಿಯುತ್ತದೆ. ಒಂದು ಬ್ರೇಕ್ ಕೊಳವೆ ಕೈಕೊಟ್ಟರೂ ಇನ್ನೊಂದು ಕೆಲಸ ಮಾಡುವ ಜೋಡಿ ಬ್ರೇಕ್ ವ್ಯವಸ್ಥೆಯೂ ಅದರಲ್ಲಿತ್ತು. ಪೆಟ್ಟಿಗೆಯಾಕಾರದ 240 ಮಾದರಿ 1974ರಿಂದ 1993ರವರೆಗೆ 28 ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 1970ರ ದಶಕದಲ್ಲಿ ಆ ಕಾರುಗಳನ್ನು ಕೊಂಡು ತನ್ನ ಅಧ್ಯಯನಕ್ಕೆ ಬಳಸಿಕೊಂಡಿತು. ಪಕ್ಕದ ಡಿಕ್ಕಿಗೆ ಗಾಳಿಚೀಲ ಜಗತ್ತಿನಲ್ಲಿ ಮೊದಲು ಬಂದದ್ದು 1994ರಲ್ಲಿ, 850 ಮಾದರಿಯಲ್ಲಿ.

ಇಂಥ ಹೆಸರನ್ನು ಸಂಪಾದಿಸಿದ ಕಂಪನಿಯೇ ಒಮ್ಮೆ ಅದಕ್ಕೆ ಮಸಿ ಬಳಿದುಕೊಂಡಿತು. 1990ರಲ್ಲಿ ಅಮೆರಿಕದ ಟಿವಿಯಲ್ಲಿ ಬಂದ ಜಾಹೀರಾತಿನಲ್ಲಿ ದೈತ್ಯ ಚಕ್ರಗಳ ಟ್ರಕ್ಕೊಂದು ಸಾಲು ಕಾರುಗಳ ಮೇಲೆ ಹರಿದಾಗ ಮಿಕ್ಕವೆಲ್ಲ ಚಪ್ಪಟೆಯಾಗಿ ವೋಲ್ವೊ ಒಂದೇ ನಿಂತಿತ್ತು. ಚಿತ್ರೀಕರಣದ ವೇಳೆ ವೋಲ್ವೊದ ಚಾವಣಿಗೆ ಒಳಗಿನಿಂದ ಆಸರೆ ಕೊಟ್ಟು, ಬೇರೆ ಕಾರುಗಳ ಕಂಬಗಳನ್ನು ಕತ್ತರಿಸಿದ್ದರೆಂಬುದು ಬಯಲಾಯಿತು. ಟೆಕ್ಸಸ್ ರಾಜ್ಯ ಮೊಕದ್ದಮೆ ಹೂಡಿತು. ಕಂಪನಿಯೂ ಜಾಹೀರಾತು ಸಂಸ್ಥೆಯೂ ತಲಾ 1,50,000 ಡಾಲರ್ ದಂಡ ತೆರಬೇಕಾಯಿತು. ಇದನ್ನು ಮರೆತು ವೋಲ್ವೊ ಬಗ್ಗೆ ಬರೆಯುವುದು ಸರಿಯಲ್ಲ. ಸುರಕ್ಷತೆಯ ವಿಷಯದಲ್ಲಿ ಸುಳ್ಳು ಹೇಳಿದರೆ ಜನ ಆ ಸುಳ್ಳನ್ನು ನಂಬಿ ಮಕ್ಕಳನ್ನು ಕೂರಿಸಿಕೊಂಡು ಹೊರಡುತ್ತಾರೆ.

ಕಡತಗಳ ಕೆಲಸ ಮಾತ್ರ ನಿಲ್ಲಲಿಲ್ಲ. ಹಿಂದಿನಿಂದ ಗುದ್ದಿಸಿಕೊಂಡಾಗ ಗಂಡಸರಿಗಿಂತ ಹೆಂಗಸರಿಗೇ ಕತ್ತಿನ ಗಾಯ ಹೆಚ್ಚು ಎಂಬುದು ಆ ದಾಖಲೆಗಳಿಂದ ಕಂಡುಬಂತು. ಡಿಕ್ಕಿ ಪರೀಕ್ಷೆಯ ಗೊಂಬೆಗಳು ಬಹುಪಾಲು ಗಂಡಸಿನ ಮೈಕಟ್ಟಿನವು, ಹಾಗಾಗಿ ಪರೀಕ್ಷೆಯಲ್ಲಿ ಈ ವ್ಯತ್ಯಾಸ ಹೊಳೆಯುವುದೇ ಇಲ್ಲ. ಹಿಂದಿನಿಂದ ಪೆಟ್ಟು ಬಿದ್ದಾಗ ಬೆನ್ನಿನ ಜೊತೆಗೇ ಹಿಂದಕ್ಕೆ ಸರಿಯುವ ಆಸನವನ್ನು ಕಂಪನಿ 1998ರಲ್ಲಿ ತಂದಿತು. 2019ರಲ್ಲಿ ದಶಕಗಳ ಈ ಸಂಶೋಧನೆಯನ್ನೆಲ್ಲ ಯಾರು ಬೇಕಾದರೂ ಬಳಸುವಂತೆ ತೆರೆದಿಟ್ಟಿತು. ಬೆಲ್ಟಿನ ಪೇಟೆಂಟ್ ಬಿಟ್ಟುಕೊಟ್ಟ ಮನಸ್ಸೇ ಅರವತ್ತು ವರ್ಷಗಳ ಮೇಲೆ ಮತ್ತೆ ಕಾಣಿಸಿಕೊಂಡಿತು.

ಈ ನಡುವೆ ಒಡೆತನ ಎರಡು ಸಲ ಕೈ ಬದಲಾಯಿಸಿತು. 1999ರಲ್ಲಿ ಕಾರು ವಿಭಾಗ ಅಮೆರಿಕದ ಫೋರ್ಡ್‌ಗೆ ಹೋಯಿತು, 2010ರಲ್ಲಿ ಚೀನಾದ ಗೀಲಿಗೆ. ಬಸ್ಸು, ಲಾರಿ ಮಾಡುವ ವೋಲ್ವೊ ಸಮೂಹ 1999ರಿಂದ ಬೇರೆಯೇ ಕಂಪನಿ. ಹೆಸರು ಮಾತ್ರ ಎರಡಕ್ಕೂ ಒಂದೇ.

ಕನ್ನಡಿಗರಿಗೆ ವೋಲ್ವೊ ಪರಿಚಯವಾದದ್ದು ಈ ಎರಡನೆಯ ಕಂಪನಿಯಿಂದ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ 1998ರಲ್ಲಿ ಲಾರಿ ತಯಾರಿಕೆ ಆರಂಭವಾಯಿತು, 2001ರಲ್ಲಿ ಬಸ್ಸುಗಳು ಬಂದವು. ಕೆಎಸ್‌ಆರ್‌ಟಿಸಿಯ ಐರಾವತ, ಬಿಎಂಟಿಸಿಯ ವಜ್ರ, ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಓಡುವ ವಾಯುವಜ್ರ ಇವೆಲ್ಲ ಆ ಸಾಲಿನವು. ರಾತ್ರಿ ಪ್ರಯಾಣದಲ್ಲಿ ನಿದ್ದೆ ಬರುವಂತೆ ಮಾಡಿದ ಬಸ್ಸೆಂದು ಜನ ಅದನ್ನು ಹಚ್ಚಿಕೊಂಡರು. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ವೋಲ್ವೊ ಬಸ್ಸು ಪಾಲೆಂ ಬಳಿ ಸೇತುವೆಯ ಕಟ್ಟೆಗೆ ಬಡಿದು ಹೊತ್ತಿ ಉರಿದು 45 ಮಂದಿ ಸತ್ತರು. ಕೆಲವೇ ದಿನಗಳಲ್ಲಿ ಹಾವೇರಿಯ ಬಳಿ ಇನ್ನೊಂದು ಬಸ್ಸು ಬೆಂಕಿಗೆ ತುತ್ತಾಯಿತು. ಬಸ್ಸಿನ ಮೇಲಿನ ಹೆಸರೊಂದೇ ಕಾಯುವುದಿಲ್ಲವೆಂದು ನಾಡು ಆಗ ನೋವಿನಿಂದ ತಿಳಿಯಿತು.

ವೋಲ್ವೊ ಕಾರುಗಳ ಜೋಡಣೆ 2017ರಲ್ಲಿ ಎಕ್ಸ್‌ಸಿ90 ಮಾದರಿಯಿಂದ ಅದೇ ಹೊಸಕೋಟೆಯ ಆವರಣದಲ್ಲಿ ಶುರುವಾಯಿತು. ಬ್ರಿಟನ್ನಿನಲ್ಲಿ 2002ರಿಂದ ಮಾರಾಟವಾಗುತ್ತಿರುವ ಈ ಮಾದರಿಯಲ್ಲಿದ್ದ ಯಾರೂ ಇನ್ನೊಂದು ಕಾರಿನೊಂದಿಗಿನ ಡಿಕ್ಕಿಯಲ್ಲಿ ಸತ್ತಿಲ್ಲವೆಂದು ಅಲ್ಲಿನ ಥ್ಯಾಚಮ್ ಸಂಶೋಧನಾ ಸಂಸ್ಥೆ 2018ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ, ತುಮಕೂರು ರಸ್ತೆಯಲ್ಲಿ, ಎದುರು ಬದಿಯ ಕಂಟೇನರ್ ಲಾರಿ ವಿಭಜಕ ದಾಟಿ ಬಂದು ಒಂದು ಎಕ್ಸ್‌ಸಿ90 ಕಾರಿನ ಮೇಲೆ ಮಗುಚಿತು. ಒಂದೇ ಕುಟುಂಬದ 6 ಮಂದಿ ಅಲ್ಲೇ ಪ್ರಾಣಬಿಟ್ಟರು. ವೋಲ್ವೊದಲ್ಲೂ ಹೀಗಾಯಿತಲ್ಲ ಎಂದು ರಾಜ್ಯವೆಲ್ಲ ಮರುಗಿತು.

ಅಷ್ಟು ಭಾರ ಮೇಲೆ ಬಿದ್ದರೆ ತಡೆಯುವ ಕಾರು ಎಲ್ಲೂ ಇಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಲಾರಿ ವಿಭಜಕ ದಾಟಿ ಬಂದದ್ದು ಹೇಗೆ ಎಂಬುದು. ರಸ್ತೆಯಲ್ಲಿ ಒಂದೂ ಸಾವು, ಗಂಭೀರ ಗಾಯ ಆಗಬಾರದೆಂಬ ಗುರಿಯನ್ನು ಸ್ವೀಡನ್ನಿನ ಸಂಸತ್ತು 1997ರಲ್ಲೇ ಒಪ್ಪಿತು. ಆಮೇಲೆ ಅಲ್ಲಿ ಸಾವಿರಾರು ಕಿ.ಮೀ. ರಸ್ತೆಯ ನಡುವೆ ಉಕ್ಕಿನ ತಂತಿಯ ತಡೆ ಎದ್ದಿತು, ಎದುರುಬದುರು ಡಿಕ್ಕಿಗಳು ಇಳಿದವು. 2020ರ ಹೊತ್ತಿಗೆ ತನ್ನ ಹೊಸ ಕಾರುಗಳಲ್ಲಿ ಯಾರೂ ಸಾಯಬಾರದೆಂದು ವೋಲ್ವೊ ಹಾಕಿಕೊಂಡ ಗುರಿಯೂ ಕಾರಿನ ತಂತ್ರಜ್ಞಾನ ಒಂದರಿಂದಲೇ ಈಡೇರುವಂತಿರಲಿಲ್ಲ. 2019ರಲ್ಲಿ ಕಂಪನಿ ಅದನ್ನು ಬಾಯಿಬಿಟ್ಟು ಹೇಳಿ, ಅತಿವೇಗವನ್ನು ಹೆಸರಿಸಿ, ತನ್ನ ಹೊಸ ಕಾರುಗಳಿಗೆ ಗಂಟೆಗೆ 180 ಕಿ.ಮೀ. ಮಿತಿ ವಿಧಿಸುವುದಾಗಿ ಘೋಷಿಸಿತು.

ನಮ್ಮಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಹಾಕಿರಲಿಲ್ಲ. ಆ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಚಾಲಕರಲ್ಲ, ಜೊತೆಯಲ್ಲಿ ಕೂತವರು. ಬೆಲ್ಟ್ ಹಾಕದೆಯೂ ಎಚ್ಚರಿಕೆಯ ಸದ್ದು ನಿಲ್ಲಿಸಲೆಂದೇ ಮಾಡಿದ ಹುಸಿ ಕ್ಲಿಪ್ಪುಗಳು ಆನ್‌ಲೈನಿನಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂಥ ಕ್ಲಿಪ್ಪುಗಳ 13,118 ಮಾರಾಟ ನಮೂದುಗಳನ್ನು ಆನ್‌ಲೈನ್ ಮಳಿಗೆಗಳಿಂದ ತೆಗೆಸಿತು. ನಿಮ್ಮ ಕಾರಿನಲ್ಲಿ ಅಂಥ ಕ್ಲಿಪ್ ಇದ್ದರೆ ಇವತ್ತೇ ಕಿತ್ತೆಸೆಯಿರಿ. ಹಿಂದಿನ ಆಸನದಲ್ಲಿ ಹೊದಿಕೆಯ ಕೆಳಗೆ ಹೂತುಹೋದ ಬೆಲ್ಟನ್ನು ಹೊರತೆಗೆದು, ಅಜ್ಜಿಗೂ ಮಕ್ಕಳಿಗೂ ಹಾಕಿಸಿ, ಆಮೇಲೆ ಗಾಡಿ ಶುರು ಮಾಡಿ. ಬೋಲಿನ್ ಕೊಟ್ಟ ಬೆಲ್ಟ್ ಅತ್ಯಂತ ಅಗ್ಗದ ಕಾರಿನಲ್ಲೂ ಇದೆ. ಅದಕ್ಕೆ ವೋಲ್ವೊ ಕೊಳ್ಳಬೇಕಾಗಿಲ್ಲ.