ಸಿಂಬಿಯೊಳಗಿನ ದ್ರಾಕ್ಷಿ

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಪಿರ್ಗೋಸ್ ಊರಿನ ಕೆಳಗೆ, ಇಳಿಜಾರಿನಲ್ಲಿ ನಿಂತು ದ್ರಾಕ್ಷಿ ತೋಟ ಎಲ್ಲಿದೆಯೆಂದು ಹುಡುಕುತ್ತಿದ್ದೆ. ನನ್ನ ಕಣ್ಣಿನಲ್ಲಿದ್ದದ್ದು ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ಚಪ್ಪರ: ಕಲ್ಲುಕಂಬ, ತಂತಿ, ತಲೆಯ ಮೇಲೆ ತೂಗುವ ಕಪ್ಪು ಗೊಂಚಲು. ಇಲ್ಲಿ ಕಂಬವಿಲ್ಲ, ತಂತಿಯಿಲ್ಲ. ಬೂದಿಬಣ್ಣದ ಬೋಳುನೆಲದ ಮೇಲೆ, ಒಂದಕ್ಕೊಂದು ಮಾರಿಗೂ ಹೆಚ್ಚು ದೂರದಲ್ಲಿ, ಹಸಿರು ಗುಪ್ಪೆಗಳು. ನೀರು ಹೊತ್ತು ಬಂದ ಹೆಂಗಸರು ಕೊಡ ಇಳಿಸಿ, ಸಿಂಬಿಗಳನ್ನು ಮಾತ್ರ ಅಲ್ಲೇ ಬಿಟ್ಟು ಹೋದ ಹಾಗೆ.

ತೋಟದ ಅಜ್ಜ ಒಂದು ಗುಪ್ಪೆಯ ಮುಂದೆ ಮಂಡಿಯೂರಿ ಎಲೆ ಸರಿಸಿದರು. ಬಳ್ಳಿ ತನ್ನನ್ನು ತಾನೇ ಸುತ್ತಿಕೊಂಡು ಬುಟ್ಟಿಯಾಗಿತ್ತು. ಅದರ ಮಡಿಲಲ್ಲಿ ಹೊಂಬಣ್ಣಕ್ಕೆ ತಿರುಗುತ್ತಿದ್ದ ಬಿಳಿ ದ್ರಾಕ್ಷಿಯ ಗೊಂಚಲು. "ಕುಲೂರಾ" ಎಂದರು. ಸುರುಳಿ ಎಂದು ಅರ್ಥ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿಗೆ ಇಲ್ಲಿ ನಿಂತ ಗಿಡ ನಿಲ್ಲುವುದಿಲ್ಲ. ಹಾರುವ ಮರಳು ಎಳೆಕಾಯಿಯ ಸಿಪ್ಪೆ ತರಚುತ್ತದೆ. ಅದಕ್ಕೇ ಪ್ರತಿ ಚಳಿಗಾಲ ಕಡ್ಡಿ ಸವರುವಾಗ ಉಳಿದ ಬಳ್ಳಿಯನ್ನು ಕೈಯಿಂದ ಹೆಣೆದು ನೆಲಕ್ಕೆ ಕೂರಿಸುತ್ತಾರೆ. ಕಾಯಿ ಒಳಗೆ, ಎಲೆ ಮೇಲೆ. ಗಾಳಿ ತಲೆಯ ಮೇಲಿಂದ ಹಾದುಹೋಗುತ್ತದೆ.

ನಾನೂ ಎಲೆ ಮುಟ್ಟಿದೆ. ಬೆರಳು ಒದ್ದೆಯಾಯಿತು. ಮಳೆ ಬಂದಿರಲಿಲ್ಲ. ಈ ದ್ವೀಪದಲ್ಲಿ ಬೇಸಿಗೆಯುದ್ದಕ್ಕೂ ಮಳೆ ಇಲ್ಲವೆಂದೇ ಹೇಳಬೇಕು, ಹೊಳೆಯೂ ಇಲ್ಲ. ರಾತ್ರಿ ಕಡಲಿನಿಂದ ಏರುವ ತೇವವೇ ಬಳ್ಳಿಯ ಪಾಲಿನ ನೀರು.

ನೆಲವನ್ನು ಕೆದಕಿ ಅಜ್ಜ ಒಂದು ಕಲ್ಲನ್ನು ನನ್ನ ಅಂಗೈಗಿಟ್ಟರು. ತೂಕವೇ ಇಲ್ಲ, ಮೈಯೆಲ್ಲ ತೂತು. ಹಿಮ್ಮಡಿ ಉಜ್ಜಲು ನಾವು ಅಂಗಡಿಯಲ್ಲಿ ಕೊಳ್ಳುವ ಅದೇ ಪ್ಯೂಮಿಸ್ ಕಲ್ಲು. ಸುಮಾರು 3,600 ವರ್ಷಗಳ ಹಿಂದೆ ಇಲ್ಲಿನ ಜ್ವಾಲಾಮುಖಿ ಸಿಡಿದು, ದ್ವೀಪದ ನಡುಭಾಗವೇ ಕುಸಿದು ಕಡಲಾಯಿತು. ಅಕ್ರೋತಿರಿಯ ಪಟ್ಟಣ ಬೂದಿಯಡಿ ಹೂತುಹೋಯಿತು. ಆ ಬೂದಿ, ಆ ಕಲ್ಲುಗಳೇ ಇವತ್ತಿನ ಮಣ್ಣು. ಇರುಳಿನ ತೇವವನ್ನು ಈ ಕಲ್ಲು ಹೀರಿಟ್ಟುಕೊಂಡು ಹಗಲಿಡೀ ಬೇರಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಜೇಡಿಯಿಲ್ಲದ ಈ ಮಣ್ಣಿನಲ್ಲಿ ಫೈಲೊಕ್ಸೆರಾ ಎಂಬ ಬೇರುಹೇನು ಬದುಕಲಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಯುರೋಪಿನ ತೋಟಗಳನ್ನು ತಿಂದುಹಾಕಿದ ಮೇಲೆ, ಅಲ್ಲಿನ ಹೆಚ್ಚಿನ ಬಳ್ಳಿಗಳು ಅಮೆರಿಕದ ಬೇರಿಗೆ ಕಸಿಯಾಗಿ ಬದುಕಿಕೊಂಡವು. ಸ್ಯಾಂಟೊರಿನಿಯ ಬಳ್ಳಿ ಇಂದಿಗೂ ತನ್ನದೇ ಬೇರಿನ ಮೇಲಿದೆ. ಹಲವು ದಶಕಗಳಿಗೊಮ್ಮೆ ಕಾಂಡ ಸೊರಗಿದಾಗ ಕಡಿಯುತ್ತಾರೆ. ಹಳೆಯ ಬೇರಿನಿಂದಲೇ ಹೊಸ ಚಿಗುರು ಬರುತ್ತದೆ. ಮೇಲಿನ ಸಿಂಬಿ ಮಗನದು, ಕೆಳಗಿನ ಬೇರು ಮುತ್ತಜ್ಜನ ಮುತ್ತಜ್ಜನದು.

ಮಧ್ಯಾಹ್ನ ಅವರ ಕಾನಾವಾದೊಳಗೆ ಕುಳಿತೆವು. ಬೆಟ್ಟದ ಮೃದುವಾದ ಕಲ್ಲನ್ನೇ ಕೊರೆದು ಮಾಡಿದ ಹಳೆಯ ವೈನ್ ಮನೆ ಅದು. ಹೊರಗೆ ಉರಿಬಿಸಿಲು, ಒಳಗೆ ಗವಿಯ ತಂಪು. ಮೇಜಿನ ಮೇಲೆ ಫಾವಾ ಬಂತು: ಹಳದಿ ಬೇಳೆಯ ಗಟ್ಟಿ ತೊವ್ವೆ, ಮೇಲೆ ಈರುಳ್ಳಿ, ಆಲಿವ್ ಎಣ್ಣೆ. ಅದನ್ನು ನೋಡಿ ನನಗೆ ಮನೆಗೆ ಬಂದಂತಾಯಿತು. ಪಕ್ಕದಲ್ಲಿ ಟೊಮೆಟೊ ಹೆಚ್ಚಿ ಕರಿದ ವಡೆ. ಆಮೇಲೆ ಅಸಿರ್ಟಿಕೊ ಎಂಬ ಇಲ್ಲಿನ ಬಿಳಿ ದ್ರಾಕ್ಷಿಯ ವೈನ್ ಒಂದು ಲೋಟ, ಒಂದು ಹೂಜಿ ನೀರು.

ಗ್ರೀಸಿನ ವೈನ್ ಎಂದರೆ ಪೈನ್ ಮರದ ಅಂಟು ಬೆರೆಸಿದ ರೆಟ್ಸಿನಾ ಎಂದಷ್ಟೇ ಅದುವರೆಗೆ ನಾನು ತಿಳಿದಿದ್ದೆ. ಮೊದಲ ಗುಟುಕು ಆ ತಿಳಿವನ್ನು ತೊಳೆದುಹಾಕಿತು. ಮೂಗಿಗೆ ಮೊದಲು ಬಂದದ್ದು ಚಕಮಕಿ ಕಲ್ಲು ಉಜ್ಜಿದಾಗಿನ ವಾಸನೆ. ನಾಲಗೆಗೆ ನಿಂಬೆಯ ಹುಳಿ, ನೇರವಾಗಿ, ಮುಲಾಜಿಲ್ಲದೆ. ನುಂಗಿದ ಮೇಲೆ ತುಟಿಯಂಚಿನಲ್ಲಿ ಉಪ್ಪು. ಬೆಳಿಗ್ಗೆ ಬೆರಳಿಗೆ ಹತ್ತಿದ್ದ ತೇವದ ನೆನಪಾಯಿತು. ಬಾಯಾರಿದ ನೆಲವೊಂದು ಇಷ್ಟು ತಂಪಾದ ರಸವನ್ನು ಎಲ್ಲಿಂದ ತೆಗೆಯಿತು!

ಅಜ್ಜ ಹೂಜಿಯಿಂದ ನನಗೆ ನೀರು ಬಗ್ಗಿಸಿದರು. ವೈನಿಗೆ ಈಗಿನ ಗ್ರೀಕರ ಮಾತು 'ಕ್ರಾಸಿ'. ಅದು ಬಂದದ್ದು 'ಕ್ರಾಸಿಸ್' ಎಂಬ ಹಳೆಯ ಪದದಿಂದ, ಅರ್ಥ, ಬೆರಕೆ. ಪ್ರಾಚೀನ ಗ್ರೀಕರು ದೊಡ್ಡ ಪಾತ್ರೆಯಲ್ಲಿ ನೀರು ಬೆರೆಸಿಯೇ ವೈನ್ ಕುಡಿಯುತ್ತಿದ್ದರು. ಬೆರೆಸದೆ ಕುಡಿಯುವುದು ಅವರ ಕಣ್ಣಿಗೆ ಒರಟುತನ. ಹಾಗೆ ಬೆರೆಸದ ವೈನು ಕುಡಿದು ಮೈಮರೆತವನೊಬ್ಬ ಅವರ ಪ್ರಹಸನವೊಂದರಲ್ಲಿ ಬರುತ್ತಾನೆ. ಅವನು ನಮ್ಮ ದೇಶದ ಕರಾವಳಿಯ ರಾಜ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, ಸುಮಾರು ಎರಡನೆಯ ಶತಮಾನದ ಪಪೈರಸ್ ಹಾಳೆಯಲ್ಲಿ ಆ ನಾಟಕವಿದೆ. ಸೆರೆಯಾದ ಖಾರಿಟಿಯಾನ್ ಎಂಬ ಹೆಣ್ಣನ್ನು ಬಿಡಿಸಿಕೊಳ್ಳಲು ಅವಳ ಕಡೆಯವರು ಹೂಡಿದ ಉಪಾಯವೇ ನೀರು ಸೋಕದ ವೈನ್. ಅದರಲ್ಲಿ ಪರಭಾಷೆಯವರು ಆಡುವ ಮಾತು ಕನ್ನಡವೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ವಾದಿಸಿದರು. ಗೋವಿಂದ ಪೈಗಳೂ ಅದನ್ನು ಕುರಿತು ಬರೆದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ಆ ಗವಿಯಲ್ಲಿ ನೀರಿನ ಲೋಟವನ್ನು ಕೈಗೆತ್ತಿಕೊಂಡಾಗ ಆ ನಾಟಕ ನನ್ನ ಮನಸ್ಸಿನಿಂದ ಸರಿಯಲಿಲ್ಲ. ಒಂದು ಗುಟುಕು ವೈನ್, ಒಂದು ಗುಟುಕು ನೀರು. ಅವಸರವಿಲ್ಲದೆ ಕುಡಿದಾಗಲೇ ಕಲ್ಲು, ಉಪ್ಪು, ಹುಳಿ ಬೇರೆಬೇರೆಯಾಗಿ ಮಾತಾಡಿದವು.

ಕೊನೆಗೆ ಪುಟ್ಟ ಲೋಟದಲ್ಲಿ ವಿನ್‌ಸಾಂಟೊ ಬಂತು. ಕೊಯ್ದ ದ್ರಾಕ್ಷಿಯನ್ನು ಹತ್ತಾರು ದಿನ ಬಿಸಿಲಿಗೆ ಹರಡಿ, ಸುಕ್ಕಾದ ಮೇಲೆ ಹಿಂಡಿ, ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಸಿಹಿ. ಜೋನಿಬೆಲ್ಲದ ಬಣ್ಣ, ಒಣ ಅಂಜೂರದ ಪರಿಮಳ. ಆ ಸಿಹಿಯ ತಳದಲ್ಲೂ ಅದೇ ಹುಳಿ ಎಚ್ಚರವಾಗಿತ್ತು.

ಹೊರಗೆ ಬಂದಾಗ ಹೊತ್ತು ಇಳಿದಿತ್ತು. ತೋಟದಾಚೆ ಬಿಳಿಗೋಡೆಯ ಹೊಸ ಹೋಟೆಲುಗಳ ದೀಪ ಹೊತ್ತಿದ್ದವು. ಪ್ರವಾಸಿಗರಿಗಾಗಿ ಕಟ್ಟಡಗಳು ಏಳುತ್ತಿದ್ದಂತೆ ಇಲ್ಲಿ ತೋಟದ ನೆಲ ಕರಗುತ್ತ ಬಂದಿದೆ. ಮನೆಯನ್ನು ಒಂದು ವರ್ಷದಲ್ಲಿ ಕಟ್ಟಬಹುದು. ಆ ಬೇರನ್ನು ಯಾರು ಕಟ್ಟಿಕೊಟ್ಟಾರು? ಅಜ್ಜ ಮಾತ್ರ ಕಡಲ ಕಡೆ ನೋಡುತ್ತಿದ್ದರು. ಕೆಳಗಿನಿಂದ ತೆಳುವಾದ ಮಂಜು ಮೇಲೇರತೊಡಗಿತ್ತು. ಇನ್ನು ಇರುಳಿಡೀ ಆ ಸಿಂಬಿಗಳ ಮೇಲೆ ಕಾಣದ ಕೊಡಗಳು ಕೂರುತ್ತವೆ.